ಗ್ಯಾದರಿಂಗಿಗೆ ಯಾವುದು: ಸಾವಿರ ಕೈಯೋ, ಗಮ್‌ಬೂಟೋ, ನೆರಳೋ?

ಕಾರವಾರವಿರಲಿ, ಶಿರಸಿಯಿರಲಿ, ಶಾಲೆಯ ಗ್ಯಾದರಿಂಗ್ ಅಂದರೆ ಮತ್ತದೇ ಸಿನಿಮಾ ಹಾಡು. ಈ ಸಲ ಬೇರೆ ಏನಾದರೂ ಮಾಡಿಸೋಣ ಅನ್ನುವ ಟೀಚರುಗಳಿಗೆ ಇದು.

ಚೀನಾದ ಸಾವಿರ ಕೈಗಳ ನೃತ್ಯವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. 2005ರಲ್ಲಿ ಅಲ್ಲಿನ ಹೊಸವರ್ಷದ ಟಿವಿ ಕಾರ್ಯಕ್ರಮದಲ್ಲಿ 21 ಕಿವುಡ ಕಲಾವಿದರು ಇದನ್ನು ಮಾಡಿದರು. ಒಬ್ಬರ ಹಿಂದೊಬ್ಬರು ಸಾಲಾಗಿ ನಿಲ್ಲುತ್ತಾರೆ. ಕಾಣುವುದು ಮುಂದಿನವಳು ಮಾತ್ರ. ಅವಳ ಬೆನ್ನ ಹಿಂದಿನಿಂದ ಕೈಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ವೇದಿಕೆಯ ಮೂಲೆಗಳಲ್ಲಿ ನಿಂತವರು ಸನ್ನೆಯಲ್ಲೇ ತಾಳ ಹೇಳುತ್ತಾರೆ. ಆದರೆ ಒಂದು ಮೊಣಕೈ ನಾಲ್ಕು ಬೆರಳು ಕೆಳಗಿಳಿದರೂ ಎದ್ದು ಕಾಣುತ್ತದೆ. ತಿಂಗಳುಗಟ್ಟಲೆ ಪ್ರಾಕ್ಟೀಸ್ ಆಗದಿದ್ದರೆ ಸುಮ್ನೆ ಕೈಹಾಕಬೇಡಿ.

ನನ್ನ ಓಟು ಗಮ್‌ಬೂಟ್ ಕುಣಿತಕ್ಕೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಿಂದ ಬಂದದ್ದು. ರಬ್ಬರ್ ಬೂಟಿಗೆ ಅಂಗೈಯಿಂದ ಬಡಿದು, ಕಾಲು ಕುಟ್ಟಿದರೆ ಅದೇ ತಾಳ. ವಾದ್ಯ ಬೇಡ, ಹಾಡೂ ಬೇಡ. ಕಾರವಾರದಲ್ಲಿ ಬಂದರಿನ ಕಡೆ ಕೇಳಿದರೆ ಬೂಟು ಸಿಕ್ಕೀತು. ಕೊನೇ ಬೆಂಚಿನ ಗಲಾಟೆ ಹುಡುಗರಿಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಒಂದೇ ತೊಂದರೆ, ಮಣ್ಣಿನ ಮೈದಾನದಲ್ಲಿ ಸದ್ದು ಏಳುವುದಿಲ್ಲ. ಹಲಗೆ ಹಾಕಿದ ವೇದಿಕೆ ಬೇಕು.

ನೆರಳಾಟಕ್ಕೆ ಅಮೆರಿಕದ ಪಿಲೊಬೊಲಸ್ ತಂಡದ ವಿಡಿಯೋ ನೋಡಿ. 1971ರಲ್ಲಿ ಶುರುವಾದ ತಂಡ. ಪರದೆಯ ಹಿಂದೆ ಮೈಗೆ ಮೈ ಜೋಡಿಸಿ ಪ್ರಾಣಿ, ಕಾರು ಏನು ಬೇಕಾದರೂ ಆಗುತ್ತಾರೆ. ಮುಖ ಕಾಣದ್ದರಿಂದ ನಾಚಿಕೆ ಜಾಸ್ತಿ ಇರುವ ಮಕ್ಕಳಿಗೆ ಒಳ್ಳೆಯದು. ಬಿಳಿ ಪಂಚೆ, ಒಂದು ಫೋಕಸ್ ಲೈಟು ಸಾಕು. ಕಾರ್ಯಕ್ರಮ ಹಗಲಲ್ಲಿದ್ದರೆ ಮಾತ್ರ ಇದನ್ನು ಬಿಟ್ಟುಬಿಡಿ.