30 ಪಟ್ಟು ಜೂಮಿನ ಜೇಬು ಕ್ಯಾಮೆರಾ: ಬಹುಕಾಲ ಬಳಸಿದ ಮೇಲೆ

ಮೊದಲು ದೂರು. ಜೂಮನ್ನು ಪೂರ್ತಿ ಎಳೆದು ನೀಲಿ ಆಕಾಶದಲ್ಲಿ ತೇಲುವ ಹದ್ದಿನ ಚಿತ್ರ ತೆಗೆಯಿರಿ. ಹದ್ದಿನ ಪಕ್ಕದಲ್ಲೊಂದು ಬೂದು ಬಣ್ಣದ ಮಸುಕು ಚುಕ್ಕೆ ಕಾಣುತ್ತದೆ. ಮುಂದಿನ ಚಿತ್ರದಲ್ಲಿ ಹದ್ದು ಜಾಗ ಬದಲಿಸಿರುತ್ತದೆ, ಚುಕ್ಕೆ ಮಾತ್ರ ಇದ್ದಲ್ಲೇ ಇರುತ್ತದೆ. ಲೆನ್ಸಿನ ಮುಂದಿನ ಗಾಜನ್ನು ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ, ಏಕೆಂದರೆ ಧೂಳಿನ ಕಣ ಕೂತಿರುವುದು ಒಳಗೆ, ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಮೇಲೆ. 1/2.3 ಇಂಚಿನ ಸೆನ್ಸರ್, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 720 ಮಿ.ಮೀ.ಗೆ ಸಮನಾದ ಜೂಮ್, ಜೇಬಿನಲ್ಲಿ ಹಿಡಿಸುವ ಗಾತ್ರ. ಈ ಮೂರೂ ಸೇರಿದ ಕ್ಯಾಮೆರಾವನ್ನು ವರ್ಷಗಟ್ಟಲೆ ಬಳಸುವವರು ಈ ಚುಕ್ಕೆಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಕೊಳ್ಳಬೇಕು.

ಕಾರಣ ಲೆನ್ಸಿನ ರಚನೆಯಲ್ಲೇ ಇದೆ. ಆಫ್ ಮಾಡಿದಾಗ ಲೆನ್ಸ್ ಪೂರ್ತಿ ಒಳಗೆ ಮಡಚಿಕೊಳ್ಳಬೇಕು, ಆನ್ ಮಾಡಿದಾಗ ಒಂದರೊಳಗಿನಿಂದ ಒಂದು ಕೊಳವೆ ಹೊರಬರಬೇಕು. ಕೊಳವೆ ಹೊರಗೆ ಬಂದಾಗಲೆಲ್ಲ ಒಳಗಿನ ಜಾಗ ಹಿಗ್ಗಿ, ಕುಲುಮೆಯ ತಿದಿಯಂತೆ ಗಾಳಿ ಎಳೆದುಕೊಳ್ಳುತ್ತದೆ. ಕೊಳವೆಗಳ ಸಂದಿನಲ್ಲಿ ನೂಲೆಳೆ, ಧೂಳು, ಮರಳು ಏನೇ ಇದ್ದರೂ ಗಾಳಿಯ ಜತೆ ಒಳಗೆ ಹೋಗುತ್ತದೆ. ಸೆನ್ಸರಿನ ಅಗಲ ಬರೀ 6.17 ಮಿ.ಮೀ. ಹಾಗಾಗಿ 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರಿನಲ್ಲಿ ಗಮನಕ್ಕೇ ಬಾರದ ಕಣ ಇಲ್ಲಿ ಆರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಲೆನ್ಸ್ ಬಿಚ್ಚುವಂತಿಲ್ಲವಾದ್ದರಿಂದ ಅದನ್ನು ನೀವೇ ತೆಗೆಯಲೂ ಆಗದು, ಇಡೀ ಕ್ಯಾಮೆರಾ ಕಳಚಬೇಕು.

ವೈಡ್ ಕೊನೆಯಲ್ಲಿ, ಅಂದರೆ ಜೂಮ್ ಎಳೆಯದೆ, ಎಫ್/3.3ರಲ್ಲಿ ತೆಗೆದ ಚಿತ್ರಗಳಲ್ಲಿ ಚುಕ್ಕೆ ಕಾಣದೆ, ಟೆಲಿ ಕೊನೆಯಲ್ಲಿ, ಅಂದರೆ ಜೂಮ್ ಪೂರ್ತಿ ಎಳೆದು, ಎಫ್/6.4ಕ್ಕೆ ಬಂದಾಗ ಎದ್ದು ಕಾಣುವುದಕ್ಕೂ ಕಾರಣವಿದೆ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ, ಕಿರಿದಾಗುತ್ತದೆ. ಅದು ಕಿರಿದಾದಷ್ಟೂ ಬೆಳಕಿನ ಶಂಕು ಕಿರಿದಾಗಿ ಕಣದ ನೆರಳು ಗಟ್ಟಿಯಾಗುತ್ತದೆ. ಪರೀಕ್ಷೆ ಮಾಡುವುದು ಸುಲಭ. ಅಪರ್ಚರ್ ಪ್ರಯಾರಿಟಿಯಲ್ಲಿ (ಎಫ್ ಸಂಖ್ಯೆಯನ್ನು ನಾವೇ ಇಡುವ ಮೋಡ್) ಎಫ್/8 ಇಟ್ಟು, ಜೂಮ್ ಪೂರ್ತಿ ಎಳೆದು, ಬಿಳಿ ಗೋಡೆಯ ಕಡೆ ಹಿಡಿದು ಒಂದು ಚಿತ್ರ ತೆಗೆಯಿರಿ. ಫೋಕಸ್ ಆಗದಿದ್ದರೂ ಪರವಾಗಿಲ್ಲ. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿ ನೋಡಿದರೆ ಎಷ್ಟು ಕಣಗಳಿವೆ ಎಂದು ಎಣಿಸಬಹುದು.

ತಡೆಯುವುದಷ್ಟೇ ನಮ್ಮ ಕೈಲಿದೆ. ಕ್ಯಾಮೆರಾವನ್ನು ಬರಿದಾಗಿ ಪ್ಯಾಂಟಿನ ಜೇಬಿಗೆ ಇಳಿಸಬೇಡಿ, ಬಟ್ಟೆಯ ನೂಲೆಳೆಯೇ ಮೊದಲ ಶತ್ರು. ಪೌಚ್ ಇರಲಿ. ಆ ಪೌಚನ್ನೂ ಆಗಾಗ ಒಳಮಗ್ಗುಲು ಹೊರಗೆ ಮಾಡಿ ಕೊಡವಿ, ಹೊಲಿಗೆಯ ಮೂಲೆಗಳಲ್ಲಿ ಕೂತ ಧೂಳನ್ನು ಅಂಟುಟೇಪಿನಿಂದ ಎಳೆದು ತೆಗೆಯಿರಿ. ಆನ್ ಮಾಡುವ ಮೊದಲು ಮೃದುವಾದ ಬ್ರಷ್‌ನಿಂದ ಲೆನ್ಸ್ ಮುಚ್ಚಳದ ಸುತ್ತ ಒಮ್ಮೆ ಸವರಿ. ದಿನದ ಕೊನೆಯಲ್ಲಿ ಲೆನ್ಸನ್ನು ಪೂರ್ತಿ ಹೊರಗೆ ತಂದು, ಕ್ಯಾಮೆರಾವನ್ನು ಮುಖ ಕೆಳಗಾಗಿ ಹಿಡಿದು, ಒಂದೊಂದು ಕೊಳವೆಯ ಹೊರಮೈಯನ್ನೂ ಒಣ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಸವರಿ, ಆಮೇಲೆ ಆಫ್ ಮಾಡಿ. ಒಂದು ನಿಮಿಷದ ಕೆಲಸ. ಬ್ಲೋವರ್ ಹಿಡಿದು ಸಂದಿಗೆ ಊದುವುದು ಬೇಡ, ಅದು ಧೂಳನ್ನು ಇನ್ನೂ ಒಳಗೆ ತಳ್ಳುತ್ತದೆ. ಸಮುದ್ರದ ದಂಡೆಯಲ್ಲಿ ಗಾಳಿ ಬೀಸುವಾಗ ಲೆನ್ಸ್ ಹೊರಗಿಟ್ಟುಕೊಂಡು ನಡೆದಾಡಬೇಡಿ. ಒಂದು ಮರಳಿನ ಕಾಳು ಕೊಳವೆಗೆ ಸಿಕ್ಕಿಕೊಂಡರೆ ಲೆನ್ಸ್ ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಆಗ ಬಲವಂತವಾಗಿ ಒತ್ತಿದರೆ ಒಳಗಿನ ಹಲ್ಲುಚಕ್ರ ಮುರಿಯುತ್ತದೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿ ಹಿಡಿದು ಧೂಳು ಎಳೆಯುವ ಉಪಾಯ ಕೆಲವರಿಗೆ ಫಲಿಸಿದ್ದುಂಟು. ಆದರೂ ಅದನ್ನು ನಾನು ಯಾರಿಗೂ ಹೇಳುವುದಿಲ್ಲ, ಅಷ್ಟು ಸಣ್ಣ ಮೋಟರುಗಳಿಗೆ ಆ ಸೆಳೆತ ತುಂಬಾ ಹೆಚ್ಚು.

ಇಷ್ಟೆಲ್ಲ ಬೈದ ಮೇಲೂ ಈ ಕ್ಯಾಮೆರಾವನ್ನು ಬಿಟ್ಟು ಹೊರಡಲು ಮನಸ್ಸಾಗುವುದಿಲ್ಲ. ಕಾರಣ ಹಕ್ಕಿಯಲ್ಲ, ಚಿಟ್ಟೆ. ಟೆಲಿ ಕೊನೆಯಲ್ಲಿ ಸುಮಾರು 2 ಮೀಟರ್ ದೂರಕ್ಕೂ ಫೋಕಸ್ ಆಗುತ್ತದೆ, ಆ ದೂರದಲ್ಲಿ ಚೌಕಟ್ಟಿಗೆ ಹಿಡಿಸುವುದು ಸುಮಾರು 10 ಸೆಂ.ಮೀ. ಅಗಲದ ಜಾಗ. 5 ಸೆಂ.ಮೀ. ಅಗಲದ ಚಿಟ್ಟೆ ಅರ್ಧ ಚಿತ್ರ ತುಂಬುತ್ತದೆ, ಹಿಂದಿನ ಹಸಿರೆಲ್ಲ ಕರಗಿ ಒಂದೇ ಬಣ್ಣವಾಗುತ್ತದೆ, ಚಿಟ್ಟೆಗೆ ನೀವಿರುವುದೇ ಗೊತ್ತಾಗುವುದಿಲ್ಲ. ಮ್ಯಾಕ್ರೋ ಎಂದು ಕ್ಯಾಮೆರಾದಲ್ಲಿ ಬರೆದಿರುವುದು ವೈಡ್ ಕೊನೆಯ 3 ಸೆಂ.ಮೀ. ಲೆಕ್ಕ. ಅಷ್ಟು ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಹೂವಿನ ಮೇಲೆ ಬೀಳುತ್ತದೆ. ಅದನ್ನು ಮರೆತುಬಿಡಿ, ಹಿಂದೆ ಸರಿದು ಜೂಮ್ ಎಳೆಯಿರಿ. ಫೋಕಸ್ ಸಿಗದಿದ್ದರೆ ಶಟರ್ ಅರ್ಧ ಒತ್ತಿದಂತೆಯೇ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಒತ್ತಿ.

ಚಂದ್ರನೂ ಅಷ್ಟೇ ಖುಷಿ ಕೊಡುತ್ತಾನೆ. 720 ಮಿ.ಮೀ.ನಲ್ಲಿ ಅವನು ಚೌಕಟ್ಟಿನ ಎತ್ತರದ ಕಾಲುಭಾಗಕ್ಕಿಂತ ತುಸು ಹೆಚ್ಚು ತುಂಬುತ್ತಾನೆ. ಆಟೋ ಮೋಡಿನಲ್ಲಿ ಮಾತ್ರ ಬರೀ ಬಿಳಿ ಬಿಲ್ಲೆ ಸಿಗುತ್ತದೆ, ಸುತ್ತಲ ಕತ್ತಲನ್ನು ನೋಡಿ ಕ್ಯಾಮೆರಾ ಮೋಸ ಹೋಗುತ್ತದೆ. ಮ್ಯಾನ್ಯುಯಲ್‌ಗೆ ಹೋಗಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಎಫ್/6.4, ಶಟರ್ ವೇಗ 1/250 ಸೆಕೆಂಡ್ ಇಡಿ, ಹುಣ್ಣಿಮೆಗೆ ಇದು ಸರಿಹೋಗುತ್ತದೆ. ಅರ್ಧಚಂದ್ರನಿಗೆ 1/60ರ ಆಸುಪಾಸಿಗೆ ಇಳಿಸಿ. ಕುಳಿಗಳು ಚೆನ್ನಾಗಿ ಕಾಣುವುದೂ ಆಗಲೇ, ಬೆಳಕು ಓರೆಯಾಗಿ ಬಿದ್ದು ನೆರಳು ಮೂಡಿರುತ್ತದೆ.

ಚಿತ್ರ ಅಲುಗುವುದಕ್ಕೆ ಕ್ಯಾಮೆರಾವನ್ನು ದೂರುವ ಮೊದಲು ಹಿಡಿಯುವ ರೀತಿ ನೋಡಿಕೊಳ್ಳಬೇಕು. ತೋಳು ಚಾಚಿ ಪರದೆ ನೋಡುತ್ತ ಪೂರ್ತಿ ಜೂಮಿನಲ್ಲಿ ಒತ್ತಿದರೆ ಅಲುಗಾಟ ತಡೆಯುವ ಯಾವ ಸ್ಟೆಬಿಲೈಸೇಷನ್ನೂ ಕಾಪಾಡದು. ಈ ಗುಂಪಿನ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಕಣ್ಣಿಟ್ಟು ನೋಡುವ ಸಣ್ಣ ವ್ಯೂಫೈಂಡರ್ ಇರುತ್ತದೆ. ಚಿತ್ರ ಅಷ್ಟೇನೂ ಚಂದ ಕಾಣದು, ಆದರೆ ಹುಬ್ಬಿಗೆ ಒತ್ತಿ ಹಿಡಿದಾಗ ಸಿಗುವ ಆಸರೆಗಾಗಿಯೇ ಅದು ಬೇಕು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಬರ್ಸ್ಟ್‌ನಲ್ಲಿ (ಒಂದರ ಹಿಂದೆ ಒಂದರಂತೆ) ಐದು ಚಿತ್ರ ತೆಗೆಯಿರಿ. ಮೊದಲನೆಯದು ಬೆರಳಿನ ಒತ್ತಡಕ್ಕೆ ಅಲುಗಿರುತ್ತದೆ, ನಡುವಿನವು ಚೆನ್ನಾಗಿರುತ್ತವೆ. ಜೂಮಿನ ಗುಂಡಿ ಒತ್ತಿ ಹಿಡಿದರೆ ಜೂಮ್ ಸರ್ರನೆ ಓಡಿ ಹಕ್ಕಿ ತಪ್ಪಿಹೋಗುತ್ತದೆ. ಮೆನುವಿನಲ್ಲಿ ಹಂತ ಹಂತವಾಗಿ ಎಳೆಯುವ ಸ್ಟೆಪ್ ಜೂಮ್ ಇದ್ದರೆ ಹಾಕಿಕೊಳ್ಳಿ.

ಬೆಳಕಿನ ವಿಷಯದಲ್ಲಿ ಈ ಕ್ಯಾಮೆರಾ ಬಡವ. ನೆತ್ತಿಯ ಬಿಸಿಲಿನಲ್ಲಿ ಐಎಸ್‌ಒ 100, ಎಫ್/6.4ಕ್ಕೆ 1/600 ಸೆಕೆಂಡ್ ಸಿಗುತ್ತದೆ. ಅದೇ ಹಕ್ಕಿ ಮರದ ನೆರಳಿಗೆ ಹೋದರೆ 1/60. ಅಲ್ಲಿ ಕೂತ ಹಕ್ಕಿಗೂ 1/250 ಬೇಕೆಂದರೆ ಐಎಸ್‌ಒ 400 ಆಗಲೇ ಬೇಕು. ಮುಸ್ಸಂಜೆಗೆ ಅದು 3200ಕ್ಕೆ ಏರುತ್ತದೆ, ಆಗ ಕ್ಯಾಮೆರಾ ನಾಯ್ಸ್ (ಚಿತ್ರದ ಕಾಳುಕಾಳು ಚುಕ್ಕೆ) ಅಳಿಸಹೋಗಿ ಗರಿಯ ಎಳೆಗಳನ್ನೂ ಅಳಿಸಿ ಬಣ್ಣದ ತೇಪೆ ಮಾಡಿಡುತ್ತದೆ. ಆಟೋ ಐಎಸ್‌ಒ ಮಿತಿಯನ್ನು 800ಕ್ಕೆ ಕಟ್ಟಿ. ಸಂಸ್ಕರಿಸದ ಚಿತ್ರ ಉಳಿಸುವ ರಾ ಸೌಲಭ್ಯವಿದ್ದರೆ ಅದರಲ್ಲೇ ತೆಗೆಯಿರಿ. ಚೂಪಾಗಲೆಂದು ಅಪರ್ಚರ್ ಎಫ್/8ಕ್ಕೆ ಕಿರಿದು ಮಾಡಬೇಡಿ, ಎಫ್/6.4ರಲ್ಲೇ ಡಿಫ್ರಾಕ್ಷನ್ನಿನ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರ) ಚುಕ್ಕೆ 8 ಮೈಕ್ರಾನ್ ದಾಟಿರುತ್ತದೆ, ಪಿಕ್ಸೆಲ್ ಇರುವುದು ಒಂದೂಕಾಲು ಮೈಕ್ರಾನಿನ ಸುತ್ತಮುತ್ತ. ಎಫ್/8 ಧೂಳು ನೋಡಲು ಮಾತ್ರ. ಡಿಜಿಟಲ್ ಜೂಮ್ ಆಫ್ ಮಾಡಿ, ಕಂಪ್ಯೂಟರಿನಲ್ಲಿ ಕತ್ತರಿಸಿದರೂ ಸಿಗುವುದು ಅಷ್ಟೇ.

ದೂರದ ಗುಡ್ಡ ಮಧ್ಯಾಹ್ನದಲ್ಲಿ ಮಸುಕಾಗಿ ಬಂದರೆ ಅದು ಲೆನ್ಸಿನ ತಪ್ಪಲ್ಲ. ಕಾದ ನೆಲದಿಂದ ಏಳುವ ಗಾಳಿ ಬೆಳಕನ್ನೇ ಅಲುಗಿಸುತ್ತದೆ, ಎಂಥ ಲೆನ್ಸ್ ಇದ್ದರೂ ಸರಿಹೋಗದು. ಸೂರ್ಯ ಹುಟ್ಟಿದ ಹೊತ್ತಿನಲ್ಲಿ ಅದೇ ಗುಡ್ಡ ತೆಗೆದು ನೋಡಿ.

ಬ್ಯಾಟರಿ ಸಾಲದು, ಎರಡನೆಯದು ಜತೆಗಿರಲಿ. ಲೆನ್ಸ್ ಹೊರಗೆ ಒಳಗೆ ಓಡಾಡುವುದೇ ಅದನ್ನು ಕುಡಿಯುತ್ತದೆ.

ಹಾಗಾದರೆ ಯಾರಿಗೆ ಇದು? ಮನೆಯೊಳಗೆ, ಸಂಜೆ, ಜನರ ಗುಂಪು ತೆಗೆಯುವವರಿಗೆ ಬೇಡ. ಇಂದಿನ ಒಳ್ಳೆಯ ಫೋನುಗಳ ಮುಖ್ಯ ಸೆನ್ಸರ್ ಇದಕ್ಕಿಂತ ದೊಡ್ಡದು, ಆ ಕೆಲಸವನ್ನು ಅವೇ ಚೆನ್ನಾಗಿ ಮಾಡುತ್ತವೆ. ಬೆಳಕು ಮುಖ್ಯ, ಜೂಮ್ ಕಡಿಮೆಯಾದರೂ ನಡೆಯುತ್ತದೆ ಎನ್ನುವವರು 1 ಇಂಚಿನ ಸೆನ್ಸರಿನ ಕ್ಯಾಮೆರಾ ನೋಡಲಿ, ಅದರ ವಿಸ್ತೀರ್ಣ ನಾಲ್ಕು ಪಟ್ಟು. ಇನ್ನೂ ದೂರ ಬೇಕೆನ್ನುವವರಿಗೆ 3000 ಮಿ.ಮೀ.ವರೆಗೆ ಹೋಗುವ ನಿಕಾನ್ ಪಿ1000 ಇದೆ, ಆದರೆ ತೂಕ 1.4 ಕೆ.ಜಿ. ಹಗಲು ಬೆಳಕಿನಲ್ಲಿ ನಡೆಯುತ್ತ, ಹಕ್ಕಿ ಚಿಟ್ಟೆ ನೋಡುತ್ತ, ಹೆಗಲಿಗೆ ಭಾರ ಬೇಡ ಎನ್ನುವವರಿಗೆ ಇದು ತಕ್ಕದ್ದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಗೋಡೆಯ ಪರೀಕ್ಷೆಯನ್ನು ಅಲ್ಲೇ ಮಾಡಿ. ಜತೆಗೆ ಗೋಡೆಗೆ ನೇರವಾಗಿ ಅಂಟಿಸಿದ ಪತ್ರಿಕೆಯ ಹಾಳೆಯನ್ನು ಟೆಲಿ ಕೊನೆಯಲ್ಲಿ ತೆಗೆದು ನಾಲ್ಕೂ ಮೂಲೆಗಳ ಅಕ್ಷರ ಹಿಗ್ಗಿಸಿ ನೋಡಿ. ಒಂದು ಬದಿ ಮಾತ್ರ ಮಸುಕಾಗಿದ್ದರೆ ಕ್ಯಾಮೆರಾ ಎಲ್ಲೋ ಬಿದ್ದು ಲೆನ್ಸ್ ಓರೆಯಾಗಿರುವ ಸಂಭವ ಹೆಚ್ಚು. ಅಂಥದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.