ಕೇಳಿ ಬರೆಯುವ ಕ್ಲಾಸಿಗೆ ಆರು ತಿಂಗಳು

ನಮ್ಮ ಅತ್ತೆಗೆ ನಲವತ್ತರ ಹತ್ತಿರ ಮದುವೆ ಹಾಡು ಬರುತ್ತವೆ. ಆರತಿಯದು, ಹೆಣ್ಣು ಒಪ್ಪಿಸುವಾಗಿನದು, ಬೀಗರನ್ನು ಹಾಸ್ಯ ಮಾಡುವುದು. ಸಾಹಿತ್ಯ ಹಳೇ ನೋಟ್‌ಬುಕ್ಕಿನಲ್ಲಿದೆ, ಧಾಟಿ ಮಾತ್ರ ಅವರ ಗಂಟಲಲ್ಲೇ ಇದೆ. ಒಂದಷ್ಟು ಹಾಡು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಊರ ಭಜನೆಗೆ ಹಾರ್ಮೋನಿಯಂ ಹಿಡಿಯುವವಳು ನಾನೇ. ಆದರೂ ಆ ಹಾಡು ಕೇಳಿ ಬಾರಿಸಲು ಬರುತ್ತಿರಲಿಲ್ಲ. ಯಾರಾದರೂ ಬೆರಳು ಎಲ್ಲಿಡಬೇಕೆಂದು ತೋರಿಸಬೇಕು, ಆಮೇಲೆ ನಡೆಯುತ್ತಿತ್ತು. ಇಪ್ಪತ್ತು ವರ್ಷ ಹೀಗೇ ದೂಡಿದ್ದೆ.

ಮೇ ತಿಂಗಳಲ್ಲಿ, ಹಾಡು ಕೇಳಿ ಅದರ ಸ್ವರ ಬರೆಯಲು ಕಲಿಸುವ ಸಿರ್ಸಿಯ ಈ ಕ್ಲಾಸಿಗೆ ಸೇರಿದೆ. ಮಾರಿಗುಡಿಯಿಂದ ನಡೆದರೆ ಹತ್ತು ನಿಮಿಷ. ಹೆಂಚಿನ ಮನೆ, ಅದರ ಹಿಂದೆ ತಗಡಿನ ಮಾಡು ಹಾಕಿದ ಕೋಣೆ. ಬೋರ್ಡು ಇಲ್ಲ, ಮಾಸ್ತರಿಗೆ ಹೆಸರು ಹಾಕಿಸಿಕೊಳ್ಳುವುದೂ ಇಷ್ಟವಿಲ್ಲ, ಹಾಗಾಗಿ ನಾನೂ ಬರೆಯುತ್ತಿಲ್ಲ. ಭಾನುವಾರ ಮಧ್ಯಾಹ್ನ 3ರಿಂದ 4.30. ತಿಂಗಳಿಗೆ 600 ರೂಪಾಯಿ. ಹನ್ನೊಂದು ಜನ ಇದ್ದೇವೆ. ಅರ್ಧ ಜನ ಹಿಂದೂಸ್ತಾನಿ ಸಂಗೀತದ ಪ್ರವೇಶಿಕಾ, ಮಧ್ಯಮಾ ಪರೀಕ್ಷೆಗೆ ಕಟ್ಟಿದ ಮಕ್ಕಳು. ಒಬ್ಬ ಯಕ್ಷಗಾನದ ಭಾಗವತಿಕೆ ಕಲಿಯುತ್ತಿರುವ ಹುಡುಗ. ಉಳಿದವರು ನನ್ನ ಹಾಗೆ ಅಡುಗೆ ಮುಗಿಸಿ ಬಸ್ಸು ಹತ್ತಿ ಬರುವವರು. ಇಲ್ಲಿ ಹಾಡು ಕಲಿಸುವುದಿಲ್ಲ. ಕೇಳುವುದು, ಬರೆಯುವುದು, ಅಷ್ಟೇ.

ಮೊದಲ ತಿಂಗಳು ಪೆನ್ಸಿಲ್ಲು ಮುಟ್ಟಲೇ ಬಿಡಲಿಲ್ಲ. ತಂಬೂರಿ ಪೆಟ್ಟಿಗೆ ಹಚ್ಚಿಟ್ಟು ಮಾಸ್ತರು ಒಂದು ಸ್ವರ ಹಾಡುತ್ತಾರೆ. ಅದು ಯಾವುದು ಅಂತ ಹೇಳುವ ಹಾಗಿಲ್ಲ. ಬಾಯಲ್ಲಿ ಗುನುಗಬೇಕು, ಅಲ್ಲಿಂದ ಮೆಟ್ಟಿಲು ಇಳಿದ ಹಾಗೆ ಸಾಗೆ, ಅಂದರೆ ಎಲ್ಲ ಸ್ವರಕ್ಕೂ ಆಧಾರವಾದ ಮೊದಲ ಸ್ವರಕ್ಕೆ, ಬಂದು ಮುಟ್ಟಬೇಕು. "ಸಾಗೆ ಹೋಗಿ ಬಾ ತಂಗಿ, ಅವಸರ ಇಲ್ಲ" ಅನ್ನುತ್ತಾರೆ. ಎಷ್ಟು ಮೆಟ್ಟಿಲು ಇಳಿದೆವು ಅನ್ನುವುದೇ ಉತ್ತರ. ನನಗೆ ಪ ಮತ್ತು ಮೇಲಿನ ಸಾ ಮೊದಲ ದಿನವೇ ಸಿಕ್ಕವು. ಕೋಮಲ ಧೈವತ, ಅಂದರೆ ತಗ್ಗಿಸಿದ ಧ, ಮೂರು ವಾರ ಸತಾಯಿಸಿತು. ಅದನ್ನು ಸಾ ಕಡೆಯಿಂದ ಹುಡುಕಬೇಡಿ, ಪ ಹಿಡಿದುಕೊಂಡು ಅರ್ಧ ಹೆಜ್ಜೆ ಏರಿ ಅಂದರು. ಅವತ್ತೇ ಸಿಕ್ಕಿತು.

ಇದಕ್ಕೂ ಮೊದಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು ಎಂಟು ತಿಂಗಳು ಅಭ್ಯಾಸ ಮಾಡಿದ್ದೆ. ಎರಡು ಸ್ವರ ಬಾರಿಸುತ್ತದೆ, ನಡುವೆ ಎಷ್ಟು ಅಂತರ ಅಂತ ನಾವು ಒತ್ತಬೇಕು. ನೂರಕ್ಕೆ ತೊಂಬತ್ತು ಬರುತ್ತಿತ್ತು. ಹಾಡು ಕೇಳಿದರೆ ಮಾತ್ರ ಏನೂ ಹೊಳೆಯುತ್ತಿರಲಿಲ್ಲ! ಅದರಲ್ಲಿ ಸಾ ಅನ್ನುವುದೇ ಇಲ್ಲ ನೋಡಿ, ಪ್ರತಿ ಸಲ ಹೊಸ ಜಾಗದಿಂದ ಶುರು. ಇನ್ನೊಂದು ತಮಾಷೆ ಗೊತ್ತಾ? ತಂಬೂರಿ ಹಚ್ಚಿಕೊಂಡು ಸರಿಯಾಗಿ ಗ ಹಾಡಿದರೆ ಆ್ಯಪ್ ಪ್ರತಿ ಸಲ "ಸ್ವಲ್ಪ ತಗ್ಗು" ಅಂತ ಕೆಂಪು ತೋರಿಸುತ್ತಿತ್ತು. ನನ್ನ ಕಿವಿಯದೇ ತಪ್ಪು ಅಂದುಕೊಂಡಿದ್ದೆ. ಮಾಸ್ತರು ಬಿಡಿಸಿ ಹೇಳಿದರು. ತಂಬೂರಿಯ ಸಾ ತಂತಿಯೊಳಗೇ ಗಾಂಧಾರ ತಾನಾಗಿ ಕೇಳುತ್ತದೆ. ಆ ಗ ಪಿಯಾನೋದ ಗಕ್ಕಿಂತ ಸ್ವಲ್ಪ ಕೆಳಗಿದೆ. ಅರ್ಧ ಸ್ವರವನ್ನು 100 ಪಾಲು ಮಾಡಿದರೆ ಅದರಲ್ಲಿ 14 ಪಾಲು. ಆ್ಯಪ್ ಪಿಯಾನೋದ ಲೆಕ್ಕ ಹಿಡಿದಿತ್ತು. ನಮ್ಮ ಹಾರ್ಮೋನಿಯಂ ಕೂಡ ಸಾಮಾನ್ಯವಾಗಿ ಅದೇ ಲೆಕ್ಕದ್ದು. ಹಾಡುವವರಿಗೆ ಈ ಪೆಟ್ಟಿಗೆಯ ಮೇಲೆ ಹಳೇ ಸಿಟ್ಟು, ಆಕಾಶವಾಣಿಯವರು 1940ರಲ್ಲಿ ಹೊರಗಿಟ್ಟವರು ಮತ್ತೆ ಒಳಗೆ ಬಿಟ್ಟಿದ್ದು 1971ರಲ್ಲಿ. ಪಾಪ, ನನ್ನ ಪೆಟ್ಟಿಗೆ.

ಎರಡನೇ ತಿಂಗಳಿಂದ ಬರೆಯುವುದು. ಹಿಂದೂಸ್ತಾನಿ ಸ್ವರ ಬರೆಯುವ ಭಾತಖಂಡೆ ಪದ್ಧತಿ. ಕೋಮಲಕ್ಕೆ ಕೆಳಗೆ ಗೆರೆ, ತೀವ್ರ (ಏರಿಸಿದ) ಮಗೆ ತಲೆಯ ಮೇಲೆ ನಿಂತ ಗೆರೆ, ಮಂದ್ರಕ್ಕೆ (ಕೆಳಗಿನ ಸಪ್ತಕ) ಕೆಳಗೆ ಚುಕ್ಕಿ, ತಾರಕ್ಕೆ (ಮೇಲಿನ ಸಪ್ತಕ) ಮೇಲೆ. ಇದನ್ನು ಒಂದು ಗಂಟೆಯಲ್ಲಿ ಕಲಿಯಬಹುದು. ಕಷ್ಟ ಇರುವುದು ಕೇಳುವ ಕ್ರಮದಲ್ಲಿ. ಒಂದು ಸಾಲನ್ನು ಅವರು ನಾಲ್ಕೇ ಸಲ ಹಾಡುತ್ತಾರೆ. ಮೊದಲ ಸಲ ಬರೀ ತಾಳ ಹಾಕಬೇಕು, ಎಷ್ಟು ಆವರ್ತನ (ತಾಳದ ಸುತ್ತು) ಅಂತ ಎಣಿಸಿ, ಒಂದೊಂದು ಮಾತ್ರೆಗೆ, ಅಂದರೆ ಎಣಿಕೆಗೆ, ಒಂದೊಂದು ಮನೆ ಹಾಕಿಕೊಳ್ಳಬೇಕು. ಕೆಹರವಾ ತಾಳ ಆದರೆ 8 ಮನೆ, ತೀನ್‌ತಾಲ್ ಆದರೆ 16, ಸಮ್‌ಗೆ (ಸುತ್ತಿನ ಮೊದಲ ಪೆಟ್ಟು) ಗುಣಾಕಾರದ ಗುರುತು, ಖಾಲಿಗೆ (ಪೆಟ್ಟಿಲ್ಲದೆ ಕೈ ಬೀಸುವ ಜಾಗ) ಸೊನ್ನೆ. ಎರಡನೇ ಸಲ ಸಮ್ ಮೇಲೆ ಬಿದ್ದ ಸ್ವರ ಮತ್ತು ಸಾಲು ನಿಂತ ಸ್ವರ, ಎರಡೇ. ಮೂರನೇ ಸಲ ಸ್ವರ ಬೇಡ, ಎಲ್ಲಿ ಏರಿತು ಎಲ್ಲಿ ಇಳಿಯಿತು ಅಂತ ಮನೆಗಳ ಮೇಲೆ ಒಂದು ಅಂಕುಡೊಂಕು ಗೆರೆ. ನಾಲ್ಕನೇ ಸಲ ತುಂಬುವುದು.

ನಾನು ಮೊದಲೆಲ್ಲ ಮೊದಲ ಸ್ವರದಿಂದಲೇ ಬರೆಯುತ್ತಾ ಹೋಗುತ್ತಿದ್ದೆ. ಮೂರನೇ ಮಾತ್ರೆಯಲ್ಲಿ ಅನುಮಾನ ಬಂದು ನಿಲ್ಲುತ್ತಿದ್ದೆ, ಅಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು. ನಿಮಗೂ ಹೀಗೇ ಆಗುತ್ತದೆ ಅಲ್ವಾ? ಸಮ್ ಮೊದಲು ಬರೆದಿಟ್ಟರೆ ನಡುವೆ ಎಡವಿದರೂ ಮತ್ತೆ ಹಿಡಿಯಲು ಒಂದು ಗೂಟ ಇರುತ್ತದೆ.

ಒಂದು ಭಾನುವಾರ ಎರಡು ಸಾಲು ಕೊಟ್ಟರು. ಎರಡರಲ್ಲೂ ಸ ರಿ ಗ ಪ ಧ. ಹನ್ನೊಂದು ಜನವೂ ಸ್ವರ ಸರಿಯಾಗಿ ಬರೆದು, ಎರಡೂ ಭೂಪಾಲಿ ರಾಗ ಅಂತ ಕೆಳಗೆ ಹಾಕಿದೆವು. ಎರಡನೆಯದು ದೇಶಕಾರ್ ಆಗಿತ್ತು. ಸ್ವರ ಅವೇ ಐದು, ಆದರೆ ಭೂಪಾಲಿ ಗ ಮೇಲೆ ಕೂರುತ್ತದೆ, ದೇಶಕಾರ್ ಧ ಮೇಲೆ. "ಸ್ವರ ಎಣಿಸಿದಿರಿ, ಎಲ್ಲಿ ಕೂತಿತು ಅಂತ ಯಾರೂ ಕೇಳಲಿಲ್ಲ" ಅಂದರು. ನಮ್ಮ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಸ್ವರ ನಿಂತಷ್ಟು ಹೊತ್ತಿಗೆ ಹಾಕುವ ಗೆರೆ ಧ ಮುಂದೆ ಎಷ್ಟು ಎಳೆದಿದ್ದೇವೆ ಅಂತ ತೋರಿಸಿದರು. ಉತ್ತರ ನಮ್ಮ ಕೈಯಲ್ಲೇ ಬರೆದಿತ್ತು!

ಇನ್ನು ದೂರು. ತಗಡಿನ ಮಾಡಿನ ಕೆಳಗೆ ಜುಲೈ ತಿಂಗಳಲ್ಲಿ ಸ್ವರ ಕೇಳಿಸುವುದೇ ಇಲ್ಲ. ಎರಡು ಕ್ಲಾಸು ಪೂರ್ತಿ ಮಳೆಗೇ ಹೋದವು, ಫೀಸು ಕಡಿಮೆ ಮಾಡಲಿಲ್ಲ. ಮೂರಕ್ಕೆ ಅಂದರೆ ಮೂರೂಕಾಲು. ಅಲ್ಲಿನ ಹಾರ್ಮೋನಿಯಂನ ಒಂದು ರೀಡು ಕೆಟ್ಟಿದೆ, ತಾರ ಸಪ್ತಕದ ರಿ ಒತ್ತಿದರೆ ಬೆಕ್ಕಿನ ಹಾಗೆ ಅಳುತ್ತದೆ, ಆರು ತಿಂಗಳಿಂದ ರಿಪೇರಿಯಾಗಿಲ್ಲ. ಎಲ್ಲಕ್ಕಿಂತ ದೊಡ್ಡದು, ಮಾಸ್ತರು ಯಾವಾಗಲೂ ತಮ್ಮ ಕಪ್ಪು ಒಂದರಲ್ಲೇ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಕೀಯನ್ನು ಸಾ ಮಾಡಿಕೊಂಡೇ, ಹಾಡುತ್ತಾರೆ. ಗಂಡಸರಿಗೆ ಸರಿ. ಕಪ್ಪು ನಾಲ್ಕರಲ್ಲಿ ಹಾಡುವ ನಾವು ಮಂದ್ರಕ್ಕೆ ಇಳಿದು ಗೊರಗೊರ ಅನ್ನಬೇಕು, ಇಲ್ಲವೇ ಗುನುಗದೇ ಸುಮ್ನೆ ಊಹಿಸಬೇಕು. ಗುನುಗಿಯೇ ಹಿಡಿಯಿರಿ ಅನ್ನುವ ಕ್ಲಾಸಿನಲ್ಲಿ ಇದು ಸಣ್ಣ ತೊಂದರೆ ಅಲ್ಲ. ಎರಡು ಸಲ ಹೇಳಿದೆ. ಈಗ ತಿಂಗಳಿಗೆ ಒಂದು ಭಾನುವಾರ ನಮ್ಮ ಶ್ರುತಿಗೆ ಬಂದಿದ್ದಾರೆ.

ಯೂಟ್ಯೂಬಿನಲ್ಲಿ ವೇಗ ಅರ್ಧಕ್ಕೆ ಇಳಿಸಿ ಬರೆಯಲೂ ಅವರು ಮೂರು ತಿಂಗಳು ಬಿಡಲಿಲ್ಲ. ಇದು ಜಾಸ್ತಿಯಾಯಿತು ಅಂತ ನನ್ನ ಅಭಿಪ್ರಾಯ. ತಾನ್, ಅಂದರೆ ವೇಗವಾಗಿ ಹಾಡುವ ಸ್ವರಗಳ ಸಾಲು, ಬಂದಾಗ ನಿಧಾನ ಮಾಡದೆ ಬೇರೆ ದಾರಿಯೇ ಇಲ್ಲ. ನಾನು ಮನೆಯಲ್ಲಿ ಕದ್ದು ಮಾಡುತ್ತಿದ್ದೆ.

ಅತ್ತೆಯ ಹಾಡುಗಳಲ್ಲಿ ಇಲ್ಲಿವರೆಗೆ ಏಳು ಬರೆದಿದ್ದೇನೆ. ಮೊದಲನೆಯದು ಆರತಿ ಹಾಡು, 6 ಮಾತ್ರೆಯದು. ಮೊದಲ ಚರಣ ಚೆನ್ನಾಗಿ ಬಂತು, ಮೂರನೆಯದರಲ್ಲಿ ಎಲ್ಲ ಸ್ವರವೂ ಕೋಮಲ ತೀವ್ರ ಅಂತ ಕಲಸಿಹೋಯಿತು. ಹಾಳೆ ಮಾಸ್ತರಿಗೆ ತೋರಿಸಿ ರೆಕಾರ್ಡಿಂಗ್ ಕೇಳಿಸಿದೆ. ನಕ್ಕರು. ಅತ್ತೆ ಹಾಡುತ್ತಾ ಹಾಡುತ್ತಾ ಅರ್ಧ ಸ್ವರ ಮೇಲೇರಿದ್ದರು, ನಾನು ಮಾತ್ರ ಹಳೇ ಸಾ ಹಿಡಿದು ಕೂತಿದ್ದೆ. "ಅವರ ಸಾ ಏರಿದರೆ ನಿನ್ನದೂ ಏರಲಿ. ಹಾಳೆಯ ಮೇಲೆ ಏನೂ ಬದಲಾಗುವುದಿಲ್ಲ" ಅಂದರು. ಮನೆಗೆ ಬಂದು ಮತ್ತೆ ಬರೆದೆ. ಎರಡು ಕಡೆ ಬಿಟ್ಟರೆ ಮೂರೂ ಚರಣ ಒಂದೇ ಆಯಿತು. ಅತ್ತೆ ಹಾಳೆ ತಿರುಗಿಸಿ ತಿರುಗಿಸಿ ನೋಡಿದರು. "ಇದ್ನ ಬರ್ಕಂಡು ಎಂತ ಮಾಡ್ತ್ಯೇ?" ಅಂದರು. ಹಾರ್ಮೋನಿಯಂ ತೆಗೆದು ಹಾಳೆ ನೋಡಿ ಬಾರಿಸಿದೆ. ನಡುವೆ ನಿಲ್ಲಿಸಿ, "ಅಲ್ಲಿ ಹಂಗಲ್ಲ" ಅಂದರು. ತಪ್ಪಿದ್ದು ನಾಲ್ಕನೇ ಮನೆ.

ಸೇರುವವರು ಪೆನ್ನು ಬೇಡ, ಪೆನ್ಸಿಲ್ಲು ರಬ್ಬರು ತನ್ನಿ. ಸಾ ಹಿಡಿದು ನಿಲ್ಲಲು ಬಾರದವರು ಮೊದಲು ಎಲ್ಲಾದರೂ ಆರು ತಿಂಗಳು ಹಾಡು ಕಲಿತು ಬರುವುದು ಒಳ್ಳೆಯದು, ಇಲ್ಲಿ ಅದಕ್ಕೆ ಸಮಯ ಕೊಡುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಶುರು ಮಾಡಬೇಡಿ.