ಜೀವನಾಂಶದ ಆನ್‌ಲೈನ್ ಲೆಕ್ಕಯಂತ್ರ: ಗುಣಾಕಾರ ಸರಿ, ಆದಾಯದ ಅಂಕಣವೇ ತೊಡಕು

ವಿಚ್ಛೇದನದ ಹೊಸ್ತಿಲಲ್ಲಿ ನಿಂತವರು ವಕೀಲರನ್ನು ಕಾಣುವ ಮುನ್ನವೇ ತೆರೆದು ನೋಡುವಂಥ ಲೆಕ್ಕಯಂತ್ರವೊಂದನ್ನು, ಪರಿಚಿತರಿಗೆ ನೆರವಾಗುವ ಸಲುವಾಗಿ, ಎರಡು ವಾರ ಬಳಸಿದೆ. ಇಬ್ಬರ ಆದಾಯ, ಮಕ್ಕಳ ಸಂಖ್ಯೆ, ಮಗು ಯಾರ ಬಳಿ ಎಷ್ಟು ರಾತ್ರಿ ಕಳೆಯುತ್ತದೆ, ದಾಂಪತ್ಯಕ್ಕೆ ಎಷ್ಟು ವರ್ಷ ಎಂಬುದನ್ನು ತುಂಬಿದರೆ ತಿಂಗಳ ಮೊತ್ತ ಮೂಡುತ್ತದೆ.

ಮಗುವಿನ ಜೀವನಾಂಶದ ಮಟ್ಟಿಗೆ ಇದು ನಂಬಿಕೆಗೆ ಅರ್ಹ. ಹಲವು ನ್ಯಾಯವ್ಯವಸ್ಥೆಗಳು ತಂದೆತಾಯಿಯ ಆದಾಯವನ್ನು ಕೂಡಿಸಿ, ಆ ಮಟ್ಟದ ಕುಟುಂಬ ಮಗುವಿಗೆ ಮಾಡುವ ಖರ್ಚನ್ನು ಕೋಷ್ಟಕದಿಂದ ತೆಗೆದು, ಆದಾಯದ ಪ್ರಮಾಣದಲ್ಲಿ ಹಂಚುತ್ತವೆ. ಆದಾಯ 60,000 ಮತ್ತು 40,000, ಮಗುವಿನ ವೆಚ್ಚ 20,000 ಎಂದಾದರೆ ಮೊದಲನೆಯವರ ಪಾಲು 12,000. ಮಗು ಎರಡನೆಯವರ ಜೊತೆಗಿದ್ದರೆ ಅವರ 8,000 ಮನೆಯಲ್ಲೇ ಖರ್ಚಾಯಿತೆಂದು ಎಣಿಸಲಾಗುತ್ತದೆ. ಕೊಡುವವರ ಆದಾಯದ ನಿಗದಿತ ಭಾಗವನ್ನಷ್ಟೇ ಹಿಡಿಯುವ ಪದ್ಧತಿಯೂ ಇದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಾಮಾನ್ಯವಾಗಿ ಒಂದು ಮಗುವಿಗೆ ಶೇ 17, ಇಬ್ಬರಿಗೆ ಶೇ 25. ಸಾಧನವು ಎರಡನ್ನೂ ಹಂತಹಂತವಾಗಿ ಬಿಡಿಸಿ ತೋರಿಸುತ್ತದೆ. ಹಣ ಕೊಡುವವರ ಬಳಿ ಮಗು ಕಳೆಯುವ ರಾತ್ರಿಗಳ ಎಣಿಕೆ ಒಂದು ಮಿತಿ ದಾಟಿದೊಡನೆ ಮೊತ್ತ ಥಟ್ಟನೆ ಇಳಿದದ್ದನ್ನು ಕಂಡಾಗ, ಒಂದೆರಡು ರಾತ್ರಿಗಳಿಗಾಗಿ ತಿಂಗಳುಗಟ್ಟಲೆ ವಾದ ನಡೆಯುವುದೇಕೆಂದು ಅರ್ಥವಾಯಿತು.

ಸಂಗಾತಿಯ ಜೀವನಾಂಶದಲ್ಲಿ ಮಾತ್ರ ಅದು ಅತಿಯಾದ ಆತ್ಮವಿಶ್ವಾಸ ತೋರುತ್ತದೆ. ದಾಂಪತ್ಯದ ಅವಧಿ, ವಯಸ್ಸು, ಆರೋಗ್ಯ, ದುಡಿಯುವ ಸಾಮರ್ಥ್ಯ, ಸಂಸಾರಕ್ಕಾಗಿ ಬಿಟ್ಟುಕೊಟ್ಟ ಉದ್ಯೋಗ ಇವನ್ನೆಲ್ಲ ತೂಗಿ ನ್ಯಾಯಾಧೀಶರು ತೀರ್ಮಾನಿಸುವುದರಿಂದ ಇಲ್ಲಿ ಒಂದೇ ಸೂತ್ರ ನಡೆಯುವುದಿಲ್ಲ. ಕೆನಡಾದ 2008ರ ಮಾರ್ಗಸೂಚಿ ಕೂಡ, ಮಕ್ಕಳಿಲ್ಲದ ದಂಪತಿಗಳಿಗೆ, ಒಟ್ಟಿಗೆ ಬಾಳಿದ ಪ್ರತಿ ವರ್ಷಕ್ಕೆ ಆದಾಯದ ಅಂತರದ ಶೇ 1.5ರಿಂದ 2 ಎಂಬ ವ್ಯಾಪ್ತಿಯನ್ನು ಸಲಹೆಯಾಗಿಯಷ್ಟೇ ಕೊಡುತ್ತದೆ. ಈ ಸಾಧನ ಕೊಡುವುದು ಒಂದೇ ಅಂಕಿ, ಅದೂ ದಶಾಂಶ ಸಹಿತ.

ಇದಕ್ಕಿಂತ ದೊಡ್ಡ ಕೊರತೆ ಆದಾಯಕ್ಕೆಂದು ಬಿಟ್ಟಿರುವ ಒಂದೇ ಅಂಕಣ. ಸಂಬಳದಾರರಿಗೆ ಅದು ಸಾಕು. ಸ್ವಂತ ವ್ಯಾಪಾರವಿದ್ದರೆ ನ್ಯಾಯಾಲಯ ಬ್ಯಾಂಕ್ ಖಾತೆಗಳನ್ನೂ ಜೀವನಶೈಲಿಯನ್ನೂ ನೋಡುತ್ತದೆ, ವ್ಯಾಪಾರದ ಲೆಕ್ಕಕ್ಕೆ ಹಾಕಿದ ಮನೆಖರ್ಚನ್ನು ಆದಾಯಕ್ಕೆ ಮರಳಿ ಸೇರಿಸುತ್ತದೆ. ಬೇಕೆಂದೇ ಕೆಲಸ ಬಿಟ್ಟವರಿಗೆ ಅವರು ಗಳಿಸಬಹುದಾಗಿದ್ದ ಮೊತ್ತವನ್ನೇ ಆದಾಯವೆಂದು ಹಿಡಿಯಬಹುದು. ನಮ್ಮ ಪರಿಚಿತರು ವ್ಯಾಪಾರಸ್ಥರು. ಅವರು ತುಂಬಿದ ಲಾಭ ನನಗೇ ಕಡಿಮೆಯೆನಿಸಿದ್ದರೂ ಸಾಧನ ಮರುಪ್ರಶ್ನೆ ಹಾಕಲಿಲ್ಲ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮುದ್ರಿಸಿ ಒಯ್ದ ಪುಟವನ್ನು ವಕೀಲರು ಬದಿಗಿಟ್ಟು, ಮೂರು ವರ್ಷಗಳ ತೆರಿಗೆ ಪತ್ರಗಳನ್ನು ತರಲು ಹೇಳಿದರು.